ರೋಗದ ಕಾಲದಲ್ಲಿ ಏರಿದ ಷೇರುಪೇಟೆ: ನಮ್ಮ ಪಾಲೆಷ್ಟು?



ಕೊರೋನಾ ಕಾಲದ ಮಾತನ್ನು ಈಗೇಕೆ ಎತ್ತುತ್ತೀರಿ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಲೈನ್ ಮನೆಗಳ ಜಗಲಿಯಲ್ಲಿ, ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಷೇರಿನ ಮಾತು ಈಗ ಕೇಳಿಬರುವಷ್ಟು ಹಿಂದೆಂದೂ ಕೇಳಿಬಂದದ್ದಿಲ್ಲ. ಹತ್ತನೇ ತರಗತಿ ದಾಟಿದ ಹುಡುಗರ ಕೈಯಲ್ಲಿ ಫೋನು, ಫೋನಿನಲ್ಲಿ ಷೇರು ಕೊಳ್ಳುವ ಆಪ್. ಅವರೆಲ್ಲರ ವಾದ ಒಂದೇ: ಇಡೀ ಲೋಕ ಮನೆಯೊಳಗೆ ಬೀಗ ಹಾಕಿಕೊಂಡು ಕೂತಿದ್ದಾಗಲೂ ಷೇರುಪೇಟೆ ಏರಿತಲ್ಲ, ಆಗ ಧೈರ್ಯ ಮಾಡಿದವರು ಗೆದ್ದರು, ಹೆದರಿದವರು ಕೂಲಿಯಲ್ಲೇ ಉಳಿದರು.

ಈ ವಾದವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಮೇಲಾಗಿ ಇದು ಬರೀ ಹುಡುಗರ ವಿಷಯವೂ ಅಲ್ಲ. ತೋಟದಲ್ಲಿ ಪಿ.ಎಫ್. ಇರುವ ಪ್ರತಿಯೊಬ್ಬ ಅಕ್ಕ, ಅಣ್ಣನ ದುಡ್ಡಿನ ಒಂದು ಭಾಗ ಅದೇ ಷೇರುಪೇಟೆಗೆ ಹೋಗುತ್ತಿದೆ. ನಮ್ಮಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ಆದ್ದರಿಂದ ಆ ವರ್ಷ ನಡೆದದ್ದೇನು, ಆ ಪೇಟೆಯವರ ಸಂತೋಷಕ್ಕೆ ಆಧಾರ ಇತ್ತೇ ಇಲ್ಲವೇ ಎಂಬುದನ್ನು ಸ್ವಲ್ಪ ಸಮಾಧಾನದಿಂದ ನೋಡೋಣ.

ನಮ್ಮ ಜಿಲ್ಲೆಯ ಲೆಕ್ಕದಿಂದಲೇ ಆರಂಭಿಸೋಣ. ಭಾರತದ ಮೂರನೆಯ ಕೊರೋನಾ ರೋಗ ೨೦೨೦ರ ಫೆಬ್ರವರಿ ೩ರಂದು ದೃಢಪಟ್ಟದ್ದು ನಮ್ಮ ಕಾಞಂಗಾಡಿನಲ್ಲಿ. ಮಾರ್ಚ್ ತಿಂಗಳಲ್ಲಿ ಕಾಸರಗೋಡಿನ ಹೆಸರು ದಿನವೂ ವಾರ್ತೆಯಲ್ಲಿ. ಮಾರ್ಚ್ ೨೩ರಂದು ಕೇರಳ ಸರಕಾರ ರಾಜ್ಯಕ್ಕೆಲ್ಲ ಲಾಕ್‌ಡೌನ್ ಘೋಷಿಸಿತು. ೨೫ರಿಂದ ಇಡೀ ದೇಶಕ್ಕೆ ಬೀಗ. ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದರು. ತಲೆನೋವಿಗೂ ಹೆರಿಗೆಗೂ ಮಂಗಳೂರಿಗೇ ಓಡುತ್ತಿದ್ದ ನಾವು ತಲಪಾಡಿಯಲ್ಲಿ ನಿಂತುಬಿಟ್ಟೆವು. ದಾಟಲಾಗದೆ ಚಿಕಿತ್ಸೆಯಿಲ್ಲದೆ ಪ್ರಾಣ ಬಿಟ್ಟವರು ಒಬ್ಬಿಬ್ಬರಲ್ಲ. ಏಪ್ರಿಲ್ ೧ರಂದು ಕೇರಳ ಹೈಕೋರ್ಟ್ ಆದೇಶ ಮಾಡಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಆಂಬುಲೆನ್ಸಿಗೆ ದಾರಿಯಾಯಿತು. ೨೦೧೩ರಲ್ಲೇ ಅಡಿಗಲ್ಲು ಹಾಕಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಆಗಿನ್ನೂ ಪೂರ್ತಿಯಾಗದ ಕಟ್ಟಡ; ಅದನ್ನೇ ಅವಸರದಲ್ಲಿ ಕೊರೋನಾ ಆಸ್ಪತ್ರೆ ಮಾಡಿದರು.

ತೋಟದಲ್ಲಿ ಅದು ಗೇರು ಬೀಜ ಹೆಕ್ಕುವ ಕಾಲ. ಮರದಡಿಯಲ್ಲಿ ಹಣ್ಣು ಕೊಳೆಯಿತು. ಏಪ್ರಿಲ್ ೨೦ರಿಂದ ಅರ್ಧದಷ್ಟು ಆಳುಗಳನ್ನಿಟ್ಟುಕೊಂಡು ಚಹಾ, ಕಾಫಿ, ರಬ್ಬರ್ ತೋಟಗಳಲ್ಲಿ ಕೆಲಸ ಮಾಡಿಸಬಹುದೆಂದು ಕೇಂದ್ರ ಸರಕಾರ ಒಪ್ಪಿತು. ಅರ್ಧದಷ್ಟು ಆಳು ಎಂದರೆ ಮನೆಗೆ ಅರ್ಧ ಕೂಲಿ ಎಂದು ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಕಡಿತ ಮಾಡಬಾರದೆಂದು ಮಾರ್ಚ್ ೨೯ರಂದು ಕೇಂದ್ರದ ಆದೇಶ ಬಂದಿತ್ತು. ಧಣಿಗಳು ಕೋರ್ಟಿಗೆ ಹೋದರು. ಮೇ ೧೮ಕ್ಕೆ ಆ ಆದೇಶವೇ ಇಲ್ಲವಾಯಿತು. ರೇಷನ್ ಅಂಗಡಿಯ ಅಕ್ಕಿ, ರಾಜ್ಯ ಸರಕಾರದ ಕಿಟ್, ಕುಟುಂಬಶ್ರೀ ಹೆಂಗಸರ ಸಮುದಾಯ ಅಡುಗೆ - ಇವಿಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ.

ಈಗ ಆ ಕಡೆಯ ಲೆಕ್ಕ. ಕೇರಳಕ್ಕೆ ಬೀಗ ಬಿದ್ದ ಅದೇ ಮಾರ್ಚ್ ೨೩ರಂದು ಮುಂಬಯಿ ಷೇರುಪೇಟೆಯ ಸೂಚ್ಯಂಕ, ಅಂದರೆ ಸೆನ್ಸೆಕ್ಸ್, ಒಂದೇ ದಿನದಲ್ಲಿ ೩,೯೦೦ಕ್ಕೂ ಹೆಚ್ಚು ಅಂಕ ಕುಸಿದು ೨೫,೯೮೧ಕ್ಕೆ ಬಂತು. ಜನವರಿಯಲ್ಲಿ ಅದು ೪೨,೦೦೦ ದಾಟಿತ್ತು. ಅಲ್ಲಿಯವರೂ ಹೆದರಿದ್ದರು ಎಂದಾಯಿತು. ಆದರೆ ಅವರ ಹೆದರಿಕೆ ಬೇಗ ಇಳಿಯಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಶೇಕಡಾ ೨೩.೯ ಕುಗ್ಗಿತೆಂದು ಸರಕಾರವೇ ಹೇಳಿತು. ಪೇಟೆ ಮಾತ್ರ ಏರುತ್ತಲೇ ಹೋಯಿತು. ನವೆಂಬರ್‌ಗೆ ಹಳೆಯ ಎತ್ತರ ದಾಟಿತು. ೨೦೨೧ರ ಜನವರಿ ೨೧ರಂದು ೫೦,೦೦೦ ಮುಟ್ಟಿತು. ಆಮೇಲೆ ಎರಡನೆಯ ಅಲೆ. ಮೇ ೬ರಂದು ಒಂದೇ ದಿನ ದೇಶದಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ ಹೊಸ ರೋಗಿಗಳು, ಆಮ್ಲಜನಕಕ್ಕೆ ಹಾಹಾಕಾರ. ಆ ಮೇ ತಿಂಗಳು ಮುಗಿಯುವಾಗ ಸೆನ್ಸೆಕ್ಸ್ ೫೧,೯೦೦ರ ಮೇಲೆ ನಿಂತಿತ್ತು. ಅಂದರೆ ಕುಸಿದ ದಿನದ ಎರಡು ಪಟ್ಟು. ಸೆಪ್ಟೆಂಬರ್‌ನಲ್ಲಿ ೬೦,೦೦೦ ದಾಟಿತು.

ಇದನ್ನು ಕೇಳಿದಾಗ ಯಾರಿಗಾದರೂ ಮೊದಲು ಬರುವುದು ಸಿಟ್ಟು. ಹೆಣ ಸುಡುವ ಹೊತ್ತಿನಲ್ಲಿ ಹಬ್ಬವೇ ಎಂದು. ಸಿಟ್ಟು ನ್ಯಾಯವೇ, ಆದರೆ ಸಿಟ್ಟಿನಿಂದ ತಿಳುವಳಿಕೆ ಬರುವುದಿಲ್ಲ.

ನಮ್ಮ ಕಡೆ ಗೇರಿನ ಫಸಲು ಏಲಂ ಹಿಡಿಯುವವರನ್ನು ನೆನಪಿಸಿಕೊಳ್ಳಿ. ಅವರು ಬೀಜ ಬಿದ್ದ ಮೇಲೆ ಬರುವವರಲ್ಲ. ಮರದಲ್ಲಿ ಹೂವಿರುವಾಗಲೇ ಬಂದು, ಗೊಂಚಲು ನೋಡಿ, ಮೋಡ ನೋಡಿ, ಈ ಸಲ ಇಷ್ಟಾದೀತು ಎಂದು ಅಂದಾಜು ಮಾಡಿ ದುಡ್ಡು ಕಟ್ಟುತ್ತಾರೆ. ಆ ದಿನ ತೋಟದ ಆಳಿನ ಮನೆಯಲ್ಲಿ ಜ್ವರವಿದೆಯೇ, ಅಕ್ಕಿಯಿದೆಯೇ ಎಂಬುದು ಅವರ ಅಂದಾಜಿನಲ್ಲಿ ಸೇರುವುದಿಲ್ಲ. ಹಾಗೆಂದು ಅವರ ಅಂದಾಜು ತಪ್ಪೆಂದು ಹೇಳಲಾದೀತೇ? ಬೀಜ ಬಿದ್ದರೆ ಅಂದಾಜು ಸರಿ. ಷೇರುಪೇಟೆಯೂ ಹೀಗೆಯೇ. ಅದು ಇಂದಿನ ದೇಶವನ್ನು ನೋಡುವುದಿಲ್ಲ, ನಾಳೆ ಕಂಪೆನಿಗಳಿಗೆ ಬರಬಹುದಾದ ಲಾಭವನ್ನು ನೋಡುತ್ತದೆ. ಅದೂ ಎಲ್ಲ ಕಂಪೆನಿಗಳದ್ದಲ್ಲ. ಸೆನ್ಸೆಕ್ಸ್ ಎಂದರೆ ಮೂವತ್ತು ದೊಡ್ಡ ಕಂಪೆನಿಗಳ ಲೆಕ್ಕ, ಅಷ್ಟೇ. ಬದಿಯಡ್ಕದ ದರ್ಜಿಯ ಅಂಗಡಿಯಾಗಲಿ, ಬೋವಿಕ್ಕಾನದ ಚಹಾದಂಗಡಿಯಾಗಲಿ, ಕುಂಬಳೆಯ ಮೀನಿನ ಬುಟ್ಟಿಯಾಗಲಿ ಅದರಲ್ಲಿಲ್ಲ. ಸಣ್ಣ ಅಂಗಡಿಗೆ ಬೀಗ ಬಿದ್ದರೆ ಅದರ ಗಿರಾಕಿ ದೊಡ್ಡ ಕಂಪೆನಿಯ ಕಡೆಗೆ ತಿರುಗುತ್ತಾನೆ. ಅಂಗಡಿಯವನ ನಷ್ಟ ಸೆನ್ಸೆಕ್ಸಿನಲ್ಲಿ ಕಾಣುವುದಿಲ್ಲ, ಕಂಪೆನಿಯ ಲಾಭ ಕಾಣುತ್ತದೆ.

ಇನ್ನೊಂದು ಕಾರಣವೂ ಇತ್ತು, ಅದೇ ದೊಡ್ಡದು. ೨೦೨೦ರ ಮಾರ್ಚ್ ೨೭ರಂದು ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು ಶೇಕಡಾ ೫.೧೫ರಿಂದ ೪.೪ಕ್ಕೆ, ಮೇ ೨೨ರಂದು ೪ಕ್ಕೆ ಇಳಿಸಿತು. ಅಮೆರಿಕದಲ್ಲಿ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೇ ತಂದರು. ಬ್ಯಾಂಕಿನಲ್ಲಿಟ್ಟರೆ ಬಡ್ಡಿಯಿಲ್ಲ, ಭೂಮಿ ಕೊಳ್ಳುವವರಿಲ್ಲ. ಹಣವಂತರ ಹಣ ಎಲ್ಲಿಗೆ ಹೋಗಬೇಕು? ಷೇರಿಗೆ ಹೋಯಿತು. ಇಲ್ಲಿಯದ್ದೂ ಹೋಯಿತು, ಹೊರದೇಶದ್ದೂ ಬಂತು. ನಂಬಿಕೆಯಿಂದ ಏರಿದ್ದಕ್ಕಿಂತ ಬೇರೆ ದಾರಿಯಿಲ್ಲದೆ ಏರಿದ್ದೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಆದುದರಿಂದ ಆ ಪೇಟೆಯ ಆಶಾವಾದ ಸುಳ್ಳೆಂದು ನಾವು ಹೇಳುವುದಿಲ್ಲ. ಅವರು ತಮ್ಮ ಲೆಕ್ಕದಲ್ಲಿ ಸರಿ ಇದ್ದರು, ಕಂಪೆನಿಗಳ ಲಾಭ ಮರಳಿ ಬಂತು, ೨೦೨೪ರಲ್ಲಿ ಸೆನ್ಸೆಕ್ಸ್ ೮೫,೦೦೦ವನ್ನೂ ದಾಟಿತು. ನಮ್ಮ ತಕರಾರು ಬೇರೆ. ಅದನ್ನು 'ದೇಶದ ಚೇತರಿಕೆ' ಎಂದು ಕರೆದರಲ್ಲ, ಅದಕ್ಕೆ ನಮ್ಮ ತಕರಾರು. ಏಲಂ ಹಿಡಿದವನಿಗೆ ಲಾಭ ಬಂದದ್ದಕ್ಕೆ ತೋಟದ ಆಳಿನ ಜ್ವರ ಬಿಟ್ಟಿತೆಂದು ಯಾರಾದರೂ ಹೇಳುತ್ತಾರೆಯೇ?

ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವ ಬಂಧುಗಳಿಗೆ ಮಲೇಷ್ಯಾದ ಒಂದು ಸಂಗತಿ ತಿಳಿಸಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ರಬ್ಬರ್ ಕೈಗವಸು ಮಾಡುವ ಟಾಪ್ ಗ್ಲವ್ ಎಂಬ ಕಂಪೆನಿ ಅಲ್ಲಿಯದು. ಆಸ್ಪತ್ರೆಗಳಿಗೆಲ್ಲ ಕೈಗವಸು ಬೇಕಾದ ೨೦೨೦ರಲ್ಲಿ ಅದರ ಷೇರಿನ ಬೆಲೆ ಹಲವು ಪಟ್ಟು ಏರಿತು, ಲಾಭ ಹಿಂದೆಂದೂ ಕಾಣದಷ್ಟು ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಅದರ ಕಾರ್ಮಿಕರಲ್ಲಿ ಸಾವಿರಾರು ಮಂದಿಗೆ ರೋಗ ತಗಲಿತು. ಇಪ್ಪತ್ತೆಂಟು ಕಾರ್ಖಾನೆಗಳನ್ನು ಹಂತಹಂತವಾಗಿ ಮುಚ್ಚಲು ಅಲ್ಲಿಯ ಸರಕಾರ ಹೇಳಬೇಕಾಯಿತು. ನೇಪಾಳ, ಬಾಂಗ್ಲಾದೇಶಗಳಿಂದ ಬಂದ ಹುಡುಗರು ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ವಸತಿಗೃಹಗಳು ಅವು. ಲೋಕದ ಕೈಗೆಲ್ಲ ರಕ್ಷಣೆ ಹೊಲಿದುಕೊಟ್ಟವರಿಗೆ ತಮಗೆ ಎರಡು ಮೊಳ ಜಾಗವಿರಲಿಲ್ಲ. ಕೊನೆಗೆ ರೋಗ ಇಳಿದ ಮೇಲೆ ಆ ಷೇರೂ ಇಳಿಯಿತು: ೨೦೨೨ರ ಕೊನೆಗೆ ಏರಿದಾಗಿನ ಬೆಲೆಯ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಬಂದಿತ್ತು. ತುತ್ತತುದಿಯಲ್ಲಿ ಕೊಂಡವರು ದೊಡ್ಡ ಹಣವಂತರಲ್ಲ, ಕೊನೆಗೆ ಸುದ್ದಿ ಕೇಳಿ ಓಡಿಬಂದ ಸಣ್ಣವರೇ ಹೆಚ್ಚಿದ್ದಾರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತನ್ನೂ ಹೇಳುತ್ತೇವೆ. ನಮ್ಮ ಚಟ್ಟಂಚಾಲಿನ ಹತ್ತಿರ ತೆಕ್ಕಿಲಿನಲ್ಲಿ ಟಾಟಾ ಕಂಪೆನಿಯವರು ೫೦೦ಕ್ಕೂ ಮೇಲೆ ಹಾಸಿಗೆಗಳ ಆಸ್ಪತ್ರೆಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿ ೨೦೨೦ರ ಸೆಪ್ಟೆಂಬರ್‌ನಲ್ಲಿ ಸರಕಾರಕ್ಕೆ ಒಪ್ಪಿಸಿದರು. ಆ ಉಪಕಾರವನ್ನು ಮರೆಯಬಾರದು. ಆದರೆ ಉಪಕಾರ ಬೇರೆ, ಹಕ್ಕು ಬೇರೆ. ಉಪಕಾರ ಕೊಡುವವರ ಮನಸ್ಸಿನ ಮೇಲೆ ನಿಂತಿದೆ.

ಈಗ ಪಿ.ಎಫ್. ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಓದಿರಿ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.

ನಮ್ಮ ಸಂಬಳದಲ್ಲಿ ನೂರಕ್ಕೆ ಹನ್ನೆರಡು ಕಡಿತವಾಗುತ್ತದೆ. ತೋಟದವರು ಅಷ್ಟೇ ಹಾಕಬೇಕು. ಅವರು ಹಾಕಿದ್ದರಲ್ಲಿ ೮.೩೩ ಪಾಲು ಪಿಂಚಣಿಗೆ, ಉಳಿದದ್ದು ಪಿ.ಎಫ್.ಗೆ. ಹಿಂದೆ ಈ ಹಣವೆಲ್ಲ ಸರಕಾರದ ಸಾಲಪತ್ರ, ಬಾಂಡ್ ಮುಂತಾದುವುಗಳಲ್ಲಿ ಇರುತ್ತಿತ್ತು. ೨೦೧೫ರ ಆಗಸ್ಟ್‌ನಿಂದ ಹೊಸದಾಗಿ ಹೂಡುವ ಹಣದಲ್ಲಿ ನೂರಕ್ಕೆ ಐದನ್ನು ಷೇರುಪೇಟೆಗೆ ಹಾಕಲು ಆರಂಭಿಸಿದರು, ಮರುವರ್ಷ ಹತ್ತು ಮಾಡಿದರು, ೨೦೧೭ರಲ್ಲಿ ಹದಿನೈದು. ಆಗ ಹಲವು ಯೂನಿಯನ್‌ಗಳು ವಿರೋಧಿಸಿದವು. ನಮ್ಮ ತೋಟದ ಹೆಂಗಸರನ್ನು ಯಾರೂ ಕೇಳಲಿಲ್ಲ ಎಂದು ಹೇಳಬೇಕಾಗಿಲ್ಲ.

೨೦೨೦ರಲ್ಲಿ ಪೇಟೆ ಕುಸಿದಾಗ ಏನಾಯಿತು? ೨೦೧೯-೨೦ರ ಸಾಲಿಗೆ ಶೇಕಡಾ ೮.೫ ಬಡ್ಡಿ ಎಂದು ಮೊದಲೇ ಘೋಷಣೆಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಬೇರೆ ಮಾತು ಬಂತು: ಈಗ ೮.೧೫ ಕೊಡುತ್ತೇವೆ, ಉಳಿದ ೦.೩೫ನ್ನು ಷೇರು ಮಾರಿ ಡಿಸೆಂಬರ್ ಒಳಗೆ ಕೊಡುತ್ತೇವೆ. ಅಷ್ಟರಲ್ಲಿ ಪೇಟೆ ಏರಿದ್ದರಿಂದ ಪೂರ್ತಿ ೮.೫ ಸಿಕ್ಕಿತು. ಹಾಗಾದರೆ ಪೇಟೆಯ ಏರಿಕೆಯಿಂದ ನಮಗೂ ಉಪಕಾರವಾಯಿತಲ್ಲ ಎಂದರೆ, ಆ ಮಟ್ಟಿಗೆ ಹೌದು. ಏರದಿದ್ದರೆ? ನಮ್ಮ ಬಡ್ಡಿಯ ಒಂದು ಚೂರು ಅಂದು ಮುಂಬಯಿಯ ಗಾಳಿಯ ಮೇಲೆ ನಿಂತಿತ್ತು ಎಂಬುದನ್ನು ಮರೆಯಬೇಡಿ.

ಮುಂದೆ ನೋಡಿ. ಸೆನ್ಸೆಕ್ಸ್ ೬೦,೦೦೦ ದಾಟಿದ್ದು ೨೦೨೧-೨೨ರ ಸಾಲಿನಲ್ಲಿ. ಆ ಸಾಲಿಗೆ ನಮ್ಮ ಪಿ.ಎಫ್. ಬಡ್ಡಿ ಎಷ್ಟು? ಶೇಕಡಾ ೮.೧. ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲೇ ಅತಿ ಕಡಿಮೆ! ಪೇಟೆ ಅಷ್ಟು ಎತ್ತರ, ನಮ್ಮ ಬಡ್ಡಿ ಇಷ್ಟು ತಗ್ಗು. ಇದು ಹೇಗೆ? ಇದರಲ್ಲಿ ಮೋಸ ಹುಡುಕಬೇಕಾಗಿಲ್ಲ, ಲೆಕ್ಕವೇ ಹಾಗಿದೆ. ರಿಸರ್ವ್ ಬ್ಯಾಂಕು ಬಡ್ಡಿ ಇಳಿಸಿದ್ದರಿಂದ ಹಣವಂತರ ಹಣ ಷೇರಿಗೆ ನುಗ್ಗಿತು ಎಂದೆವಲ್ಲ. ಅದೇ ಇಳಿದ ಬಡ್ಡಿ ಸಾಲಪತ್ರಗಳಿಗೂ ಅನ್ವಯಿಸುತ್ತದೆ. ನಮ್ಮ ಹಣದ ದೊಡ್ಡ ಪಾಲು, ನೂರಕ್ಕೆ ಎಂಬತ್ತೈದಕ್ಕೂ ಮೇಲೆ, ಇದ್ದದ್ದು ಸಾಲಪತ್ರಗಳಲ್ಲೇ. ಷೇರಿನ ಲಾಭವೋ, ಮಾರಿದಾಗ ಮಾತ್ರ ಕೈಗೆ ಬರುವಂಥದ್ದು. ಹೀಗೆ ಒಂದೇ ಮದ್ದು ಷೇರುದಾರನಿಗೆ ಟಾನಿಕ್ ಆಯಿತು, ಉಳಿತಾಯಗಾರನಿಗೆ ಪಥ್ಯವಾಯಿತು. ಬ್ಯಾಂಕಿನಲ್ಲಿ ಮಗಳ ಮದುವೆಗೆಂದು ಠೇವಣಿಯಿಟ್ಟ ವಿಧವೆಗೂ ಅದೇ ಗತಿ. ಆಮೇಲಿನ ವರ್ಷಗಳಲ್ಲಿ ಪಿ.ಎಫ್. ಬಡ್ಡಿ ೮.೧೫ಕ್ಕೆ, ೨೦೨೩-೨೪ಕ್ಕೆ ೮.೨೫ಕ್ಕೆ ಏರಿತು, ನಿಜ. ಆದರೆ ೨೦೧೪ರಲ್ಲಿ ನಿಗದಿಯಾದ ಸಾವಿರ ರೂಪಾಯಿಯ ಕನಿಷ್ಠ ಪಿಂಚಣಿ, ಪೇಟೆ ಎರಡು ಪಟ್ಟಾದ ಮೇಲೂ ಸಾವಿರವೇ ಆಗಿ ಉಳಿದಿತ್ತು.

ಇನ್ನೂ ಒಂದು. ೨೦೨೦ರ ಮಾರ್ಚ್ ೨೮ರಂದು ಕೊರೋನಾ ಮುಂಗಡ ಎಂದು ಪಿ.ಎಫ್.ನಿಂದ ಹಣ ತೆಗೆಯಲು ಅನುಮತಿ ಕೊಟ್ಟರು. ಮೂರು ತಿಂಗಳ ಸಂಬಳ ಅಥವಾ ಖಾತೆಯಲ್ಲಿದ್ದುದರ ಮುಕ್ಕಾಲು ಪಾಲು, ಯಾವುದು ಕಡಿಮೆಯೋ ಅದು. ೨೦೨೧ರಲ್ಲಿ ಎರಡನೆಯ ಬಾರಿಯೂ ಕೊಟ್ಟರು. (ಈ ಸೌಲಭ್ಯ ೨೦೨೪ರಲ್ಲಿ ನಿಂತಿದೆ, ಈಗ ಯಾರಾದರೂ ಅದನ್ನು ತೆಗೆಸಿಕೊಡುತ್ತೇವೆಂದು ಕಮಿಷನ್ ಕೇಳಿದರೆ ಕೊಡಬೇಡಿ.) ಇದನ್ನು ಸರಕಾರದ ಸಹಾಯವೆಂದೇ ನಮ್ಮವರು ಅನೇಕರು ತಿಳಿದರು. ಸಹಾಯವಲ್ಲ, ಅದು ನಮ್ಮದೇ ಮುದಿತನದ ಗಂಜಿ. ಹಣವಂತನು ಆ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಷೇರು ಕೊಂಡು ಕೂಡಿಟ್ಟನು, ಕೂಲಿಯವನು ಕೂಡಿಟ್ಟದ್ದನ್ನು ತೆಗೆದು ಉಂಡನು. ಐದು ವರ್ಷ ಕಳೆದ ಮೇಲೆ ಇಬ್ಬರ ನಡುವಿನ ಅಂತರ ಹೆಚ್ಚದೆ ಇನ್ನೇನಾದೀತು?

ಇಷ್ಟು ಹೇಳಿದ ಮೇಲೆ ಹುಡುಗರ ವಾದಕ್ಕೆ ಬರೋಣ. ೨೦೨೦ರ ಮಾರ್ಚ್‌ನಲ್ಲಿ ದೇಶದಲ್ಲಿ ಷೇರು ಖಾತೆಗಳು ಸುಮಾರು ನಾಲ್ಕು ಕೋಟಿ ಇದ್ದವು. ೨೦೨೨ರ ಆಗಸ್ಟ್‌ಗೆ ಹತ್ತು ಕೋಟಿ. ಮನೆಯಲ್ಲಿ ಕೂತ, ಕೆಲಸ ಕಳಕೊಂಡ, ಕೈಯಲ್ಲಿ ಫೋನಿದ್ದ ಎಳೆಯರೇ ಇವರಲ್ಲಿ ಬಹಳ. ಅವರಲ್ಲಿ ಕೆಲವರು ಷೇರು ಕೊಂಡು ಸುಮ್ಮನಿದ್ದರು, ಅವರಿಗೆ ಲಾಭವಾಗಿರಬಹುದು. ಆದರೆ ಬಹಳ ಮಂದಿ ಹೋದದ್ದು ಬೇರೆ ಬಾಗಿಲಿಗೆ: ನಾಳೆ, ನಾಡಿದ್ದು ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ಫ್ಯೂಚರ್ಸ್, ಆಪ್ಶನ್ಸ್ ಎಂಬ ವ್ಯಾಪಾರಕ್ಕೆ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಸಂಸ್ಥೆಯೇ ೨೦೨೪ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಪ್ರಕಟಿಸಿತು. ಮೂರು ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ ೯೩ ಮಂದಿ ಕಳಕೊಂಡರು. ಒಟ್ಟು ನಷ್ಟ ೧.೮ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕೋಳಿ ಅಂಕದಲ್ಲಿಯೂ ಇಷ್ಟು ಮಂದಿ ಸೋಲುವುದಿಲ್ಲ. ಅಂಕದಲ್ಲಿ ಸೋತವನು ಕನಿಷ್ಠ ಊರವರ ಕಣ್ಣಿಗೆ ಬೀಳುತ್ತಾನೆ, ಬೈಗಳು ತಿನ್ನುತ್ತಾನೆ. ಫೋನಿನಲ್ಲಿ ಸೋತವನ ವಿಷಯ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ, ಕುತ್ತಿಗೆಯ ಸರ ಗಿರವಿಗೆ ಹೋಗುವವರೆಗೆ.

ಕೆಲವು ಪ್ರಸಂಗಿಗಳು ಯೂಟ್ಯೂಬಿನಲ್ಲಿ ತಲಾಂತುಗಳ ಸಾಮತಿಯನ್ನು ಎತ್ತಿ, ಹಣವನ್ನು ನೆಲದಲ್ಲಿ ಹೂತಿಟ್ಟ ಆಳನ್ನು ಯಜಮಾನನು ಗದರಿಸಲಿಲ್ಲವೇ, ಆದ್ದರಿಂದ ಷೇರಿಗೆ ಹಾಕಿರಿ ಎನ್ನುತ್ತಾರೆ. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳೂ ಇದನ್ನು ಕೇಳಿದ್ದಾರೆ. ಆ ಸಾಮತಿ ದೇವರ ರಾಜ್ಯವನ್ನು ಕುರಿತದ್ದು, ದಲ್ಲಾಳಿಯ ಕಮಿಷನ್ ಕುರಿತದ್ದಲ್ಲ. ಹಣದ ಮಾತೇ ಬೇಕಾದರೆ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಐಶ್ವರ್ಯವಂತನ ಸಾಮತಿಯೂ ಅದೇ ಸುವಾರ್ತೆಗಳಲ್ಲಿದೆ. ಹೊಲ ಕೊಯ್ದವರ ಕೂಲಿ ತಡೆಹಿಡಿದವರನ್ನು ಕುರಿತು ಸಂತ ಯಾಕೋಬನು ಬರೆದದ್ದೂ ಇದೆ. ಅವನ್ನು ಆ ಪ್ರಸಂಗಿಗಳು ಯಾಕೆ ಓದುವುದಿಲ್ಲ? ಜಗದ್ಗುರು ಎರಡನೆಯ ಜಾನ್ ಪಾವ್ಲರು ೧೯೮೧ರಲ್ಲಿ ಬರೆದ ಕಾರ್ಮಿಕ ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಮೊದಲ ಸ್ಥಾನ ಎಂದು ಸ್ಪಷ್ಟಪಡಿಸಿದ್ದಾರೆ. ಇದೇ ರೋಗದ ನಡುವೆ, ೨೦೨೦ರ ಅಕ್ಟೋಬರ್‌ನಲ್ಲಿ, ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ಪತ್ರದಲ್ಲಿ ಪೇಟೆಯೊಂದೇ ಎಲ್ಲ ಸಮಸ್ಯೆಗಳನ್ನು ಬಗೆಹರಿಸಲಾರದೆಂದು ಎಚ್ಚರಿಸಿದರು.

ಷೇರು ಎಂಬ ಶಬ್ದಕ್ಕೇ ನಾವು ಹೆದರಬೇಕಾಗಿಲ್ಲ. ನಮ್ಮಲ್ಲಿ ಹಲವರಿಗೆ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಷೇರುಂಟು. ಅಡಿಕೆ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ, ೧೯೭೩ರಲ್ಲಿ, ಎರಡೂ ರಾಜ್ಯಗಳ ಬೆಳೆಗಾರರು ಷೇರು ಕೂಡಿಸಿಯೇ ಕ್ಯಾಂಪ್ಕೊ ಕಟ್ಟಿದರು. ಅಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು. ಕಂಪೆನಿಯಲ್ಲಾದರೆ ಒಂದು ಷೇರಿಗೆ ಒಂದು ಓಟು. ಹೆಚ್ಚು ಷೇರಿದ್ದವನದ್ದೇ ಮಾತು. ನಮ್ಮ ಪಿ.ಎಫ್. ಹಣವಾದರೋ ಷೇರಾಗಿದೆ, ಆದರೆ ನಮಗೆ ಆ ಒಂದು ಓಟೂ ಇಲ್ಲ. ಇಲ್ಲಿಯೇ ಸಂಘಗಳ ಕೆಲಸವಿದೆ. ಪಿ.ಎಫ್. ನಡೆಸುವ ಕೇಂದ್ರ ಮಂಡಳಿಯಲ್ಲಿ ಕಾರ್ಮಿಕರ ಹತ್ತು ಪ್ರತಿನಿಧಿಗಳಿದ್ದಾರೆ. ಷೇರಿನ ಪಾಲನ್ನು ಇನ್ನೂ ಹೆಚ್ಚಿಸುವ ಮಾತು ಬಂದಾಗ ಅವರು ಏನು ಹೇಳಿದರು, ಷೇರು ಮಾರಿ ಬಂದ ಲಾಭ ಎಷ್ಟು, ಅದರಲ್ಲಿ ಪಿಂಚಣಿಯವರಿಗೆ ಏನು ಸಿಕ್ಕಿತು ಎಂದು ಯಾವ ಯೂನಿಯನ್ ಆಗಲಿ, ಯಾವ ಬಣ್ಣದ ಬಾವುಟದವರಾಗಲಿ, ತಮ್ಮ ನಾಯಕರನ್ನು ಕೇಳಬೇಕು. ಬೋನಸ್ ಮಾತುಕತೆಯಲ್ಲಿ ರಬ್ಬರ್ ಬೆಲೆ ಕೇಳಿ ಕೂರುತ್ತೇವಲ್ಲ, ಹಾಗೆಯೇ.

ಅದಕ್ಕಿಂತ ಮೊದಲು ಮನೆಯಲ್ಲಿ ಆಗಬೇಕಾದದ್ದು ಇದೆ. ನಮ್ಮ ಸಂಘದ ಕೆಲಸದಲ್ಲಿ ನಾವು ಪದೇ ಪದೇ ಕಂಡದ್ದು ಹೆಸರಿನ ತೊಂದರೆ. ತೋಟದ ರೈಟರ್ ಬರೆದ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು; ಕನ್ನಡದಲ್ಲಿ ಲಿಲ್ಲಿ, ಮಲಯಾಳದಲ್ಲಿ ಲಿಲಿ, ಹಿಂದೆ ಮುಂದೆ ಇನಿಶಿಯಲ್; ಜ್ಞಾನಸ್ನಾನದ ದಾಖಲೆಯ ಹುಟ್ಟಿದ ದಿನ ಒಂದು, ಶಾಲೆಯದು ಬೇರೆ. ಹಣ ಬೇಕಾದ ದಿನ ಇದೇ ದೊಡ್ಡ ಗೋಡೆಯಾಗುತ್ತದೆ. ರೋಗದ ಸಮಯದಲ್ಲಿ ಮುಂಗಡ ಕೇಳಿ ಈ ಕಾರಣಕ್ಕೇ ಬರಿಗೈಯಲ್ಲಿ ತಿರುಗಿದವರಿದ್ದಾರೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಹನ್ನೆರಡಂಕೆಯ ಯು.ಎ.ಎನ್. ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಅಕ್ಷಯ ಕೇಂದ್ರದಲ್ಲಾಗಲಿ, ಮಕ್ಕಳ ಫೋನಿನಲ್ಲಾಗಲಿ ಪಾಸ್‌ಬುಕ್ ತೆಗೆದು, ತೋಟದವರು ತಿಂಗಳು ತಿಂಗಳು ಹಣ ಕಟ್ಟಿದ್ದಾರೋ ಇಲ್ಲವೋ ನೋಡಿ. ನಾಮಿನಿ ಹೆಸರು ಸೇರಿಸಿ. ಹೆಸರು, ಹುಟ್ಟಿದ ದಿನ ಕೂಡಿಬರದವರು ಆಧಾರ್, ಶಾಲೆಯ ಸರ್ಟಿಫಿಕೇಟ್ ಮತ್ತು ಹಳೆಯ ಸಂಬಳ ಚೀಟಿಯ ಪ್ರತಿಯೊಂದಿಗೆ ತಮ್ಮ ಘಟಕದ ಕಾರ್ಯಕರ್ತರನ್ನು ಕಾಣಬೇಕು. ಅರ್ಜಿ ಬರೆದುಕೊಡಲು ಹಣ ಕೊಡಬೇಕಾಗಿಲ್ಲ.